ಸಂಧಿವಿಗ್ರಹಿ ಟ್ಯಾಲಿರಾಂಡ್: ಜಾಣ್ಮೆ ಮತ್ತು ವಿವೇಕ

ಯುದ್ಧವನ್ನು ಗೆದ್ದವರ ಹೆಸರು ಮಕ್ಕಳ ಬಾಯಲ್ಲಿಯೂ ನಲಿದಾಡುತ್ತದೆ. ಯುದ್ಧವು ಮುಗಿದ ಮೇಲೆ ಮುರಿದುದನ್ನು ಕೂಡಿಸಿದವರ ಹೆಸರು ವಿದ್ವಾಂಸರ ಗ್ರಂಥಗಳಲ್ಲಿ ಉಳಿಯುತ್ತದೆ. ನೆಪೋಲಿಯನ್ನನನ್ನು ಅರಿಯದವರು ವಿರಳ. ಆದರೆ ಅವನಿಗೆ ಮಂತ್ರಿಯಾಗಿದ್ದು, ಅವನು ಬಿದ್ದ ಬಳಿಕ ಸೋತ ಫ್ರಾನ್ಸ್ ದೇಶದ ಮಾನವನ್ನು ಸೈನ್ಯದ ಬೆಂಬಲವಿಲ್ಲದೆ ಮಾತಿನ ಬಲದಿಂದಲೇ ಕಾಪಾಡಿದ ಟ್ಯಾಲಿರಾಂಡನನ್ನು ಬಲ್ಲವರು ಕಡಮೆ. ಪರರಾಜ್ಯಗಳೊಡನೆ ಸಂಧಿಯನ್ನೂ ವಿಗ್ರಹವನ್ನೂ ನಡೆಸುವ ಅಧಿಕಾರಿಯನ್ನು ಕನ್ನಡ ಶಾಸನಗಳು ಸಂಧಿವಿಗ್ರಹಿಯೆಂದು ಕರೆಯುತ್ತವೆ. ಯುರೋಪ್ ಖಂಡದಲ್ಲಿ ಆ ಬಿರುದಿಗೆ ಟ್ಯಾಲಿರಾಂಡನಷ್ಟು ತಕ್ಕವರು ಹೆಚ್ಚು ಮಂದಿಯಿಲ್ಲ. ಅವನ ಬುದ್ಧಿಯನ್ನು ಹಗೆಗಳೂ ಹೊಗಳಿದರು. ಅವನ ನಡತೆಯನ್ನು ಸ್ನೇಹಿತರೂ ಸಮರ್ಥಿಸಲಾರದೆ ಹೋದರು. ಈ ಎರಡೂ ಒಂದೇ ಬಾಳಿನಲ್ಲಿ ಹೇಗೆ ಕೂಡಿದ್ದವೆಂಬುದು ವಿಚಾರಾರ್ಹವಾದ ಸಂಗತಿ.

ಶಾರ್ಲ್ ಮೋರಿಸ್ ದ ಟ್ಯಾಲಿರಾಂಡ್ ಪೆರಿಗೋರ್ ಕ್ರಿ. ಶ. 1754ನೆಯ ಇಸವಿ ಫೆಬ್ರವರಿ 2ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನದು ಬಹು ಪ್ರಾಚೀನವಾದ ಸಾಮಂತ ಮನೆತನ. ತಂದೆ ಅರಸನ ಸೈನ್ಯದಲ್ಲಿ ಅಧಿಕಾರಿ. ಬಾಲಕನ ಒಂದು ಕಾಲು ಊನವಾಗಿತ್ತು. ದಾದಿಯ ಅಜಾಗ್ರತೆಯಿಂದ ಬಿದ್ದು ಹೀಗಾಯಿತೆಂದು ಅವನೇ ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ. ಅದು ಹುಟ್ಟಿನಿಂದಲೇ ಬಂದ ದೋಷವೆಂದು ಚರಿತ್ರಕಾರರಲ್ಲಿ ಅನೇಕರು ಊಹಿಸುತ್ತಾರೆ. ಕಾರಣವು ಯಾವುದೇ ಇರಲಿ, ಪರಿಣಾಮ ಮಾತ್ರ ಕಠೋರವಾಯಿತು. ಕುಂಟನು ಸೈನ್ಯಕ್ಕೆ ಸಲ್ಲನೆಂದು ಬಗೆದ ಹಿರಿಯರು ಹಿರಿತನದ ಹಕ್ಕನ್ನು ತಮ್ಮನಿಗೆ ಕೊಟ್ಟು, ಇವನನ್ನು ಕ್ರೈಸ್ತ ಪಾದ್ರಿಯ ವೃತ್ತಿಗೆ ನಿಯಮಿಸಿದರು. ಬಾಲ್ಯದಲ್ಲಿ ಅವನಿಗೆ ಅಕ್ಕರೆ ದೊರೆತದ್ದು ಶಾಲೆ ಎಂಬ ಊರಿನಲ್ಲಿದ್ದ ಮುತ್ತಜ್ಜಿಯ ಮನೆಯಲ್ಲಿ. ಆ ವೃದ್ಧೆ ಭಾನುವಾರ ಪೂಜೆ ಮುಗಿದ ಮೇಲೆ ಊರಿನ ರೋಗಿಗಳನ್ನು ಕರೆದು ತಾನೇ ಔಷಧವನ್ನು ಕೊಡಿಸುತ್ತಿದ್ದಳು. ದೊಡ್ಡತನವು ಅಬ್ಬರದಲ್ಲಿಲ್ಲ, ಸೌಮ್ಯವಾದ ನಡವಳಿಕೆಯಲ್ಲಿದೆ ಎಂಬ ಮೊದಲ ಪಾಠವನ್ನು ಅವನು ಅಲ್ಲಿ ಕಲಿತನು. ಆ ಸೌಮ್ಯವು ಅವನ ಹೊರ ನಡವಳಿಕೆಯಲ್ಲಿ ಕೊನೆಯವರೆಗೂ ಉಳಿಯಿತು.

1770ರಲ್ಲಿ ಅವನು ಪ್ಯಾರಿಸ್ಸಿನ ಸೇಂಟ್ ಸಲ್ಪೀಸ್ ಗುರುಕುಲವನ್ನು ಸೇರಿದನು. ಮನಸ್ಸಿಗೆ ಒಗ್ಗದ ವಿದ್ಯೆಯಾದುದರಿಂದ ಸಹಪಾಠಿಗಳೊಡನೆ ಬೆರೆಯದೆ ಗ್ರಂಥಭಂಡಾರದಲ್ಲಿಯೇ ಕಾಲವನ್ನು ಕಳೆಯುತ್ತ, ಚರಿತ್ರೆಗಳನ್ನೂ ಪ್ರವಾಸಕಥನಗಳನ್ನೂ ರಾಜಪುರುಷರ ಜೀವನಗಳನ್ನೂ ಓದಿದನು. 1779ರಲ್ಲಿ ಪಾದ್ರಿಯ ದೀಕ್ಷೆಯಾಯಿತು. ಮರುವರ್ಷ ಫ್ರಾನ್ಸಿನ ಇಡೀ ಪಾದ್ರಿವರ್ಗದ ಆಸ್ತಿಪಾಸ್ತಿ, ಆದಾಯಗಳನ್ನು ಸರಕಾರದೆದುರು ಕಾಯುವ ಮಹಾ ಕಾರ್ಯದರ್ಶಿಯ ಪದವಿ ದೊರೆಯಿತು. ಲೆಕ್ಕಪತ್ರಗಳ ಮರ್ಮ, ವಾದದ ಕೌಶಲ, ಎದುರಾಳಿಯ ಅಗತ್ಯವನ್ನು ಅವನ ಮಾತಿಗಿಂತ ಮೊದಲೇ ತಿಳಿಯುವ ಸೂಕ್ಷ್ಮ, ಇವೆಲ್ಲ ಆ ಐದು ವರ್ಷಗಳಲ್ಲಿ ಸಿದ್ಧಿಸಿದವು. 1788ರ ಕೊನೆಯಲ್ಲಿ ಓತನ್ ಪಟ್ಟಣದ ಬಿಷಪ್ಪನಾಗಿ ನೇಮಕಗೊಂಡನು. ಪೀಠವು ಅವನಿಗೆ ದೊರೆಯಿತಾದರೂ ಪೀಠಕ್ಕೆ ತಕ್ಕ ನಿಷ್ಠೆ ಅವನಲ್ಲಿರಲಿಲ್ಲ. ಇಷ್ಟವಿಲ್ಲದವನ ಮೇಲೆ ದೀಕ್ಷೆಯನ್ನು ಹೊರಿಸಿದರೆ ದೀಕ್ಷೆಗೂ ಗೌರವವಿಲ್ಲ, ದೀಕ್ಷಿತನಿಗೂ ಸುಖವಿಲ್ಲ ಎಂಬುದಕ್ಕೆ ಅವನ ಪೂರ್ವಜೀವನವೇ ನಿದರ್ಶನ.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ರಾಜ್ಯದ ಬೊಕ್ಕಸ ಬರಿದಾಗಿತ್ತು. ಅದೇ ವರ್ಷ ಅಕ್ಟೋಬರ್ 10ರಂದು ಬಿಷಪ್ಪನಾದ ಟ್ಯಾಲಿರಾಂಡನೇ ಎದ್ದು ನಿಂತು, ಇಗರ್ಜಿಗಳ ಆಸ್ತಿಯನ್ನು ರಾಷ್ಟ್ರವು ವಹಿಸಿಕೊಂಡು ಪಾದ್ರಿಗಳಿಗೆ ವೇತನವನ್ನು ಕೊಡಬೇಕೆಂದು ಸೂಚಿಸಿದನು. ನಾಲ್ಕು ವರ್ಷಗಳ ಹಿಂದೆ ಯಾವ ಆಸ್ತಿಗೆ ಕಾವಲುಗಾರನಾಗಿದ್ದನೋ ಅದನ್ನೇ ಒಪ್ಪಿಸಿಬಿಟ್ಟನೆಂದು ಅವನ ವರ್ಗದವರು ಕ್ಷೋಭೆಗೊಂಡರು. ನವೆಂಬರ್ 2ರಂದು ಸಭೆ ಸೂಚನೆಯನ್ನು ಅಂಗೀಕರಿಸಿತು. 1790ರ ಜುಲೈ 14ರಂದು ಪ್ಯಾರಿಸ್ಸಿನ ಬಯಲಿನಲ್ಲಿ ನೆರೆದ ಅಪಾರ ಜನಸ್ತೋಮದ ಮುಂದೆ ರಾಷ್ಟ್ರೋತ್ಸವದ ಪೂಜೆಯನ್ನು ನಡೆಸಿದವನೂ ಅವನೇ. ಮರುವರ್ಷ ಕ್ರಾಂತಿಪಕ್ಷದ ಬಿಷಪ್ಪರಿಗೆ ದೀಕ್ಷೆ ಕೊಟ್ಟ ಕಾರಣ ರೋಮಿನ ಪೋಪರ ಆಗ್ರಹಕ್ಕೆ ಗುರಿಯಾಗಿ, ಕಡೆಗೆ ಧರ್ಮದಿಂದ ಬಹಿಷ್ಕೃತನಾದನು.

ಆ ಕೋಲಾಹಲದ ನಡುವೆ ಅವನು ಮಾಡಿದ ಎರಡು ಕಾರ್ಯಗಳು ಸ್ಮರಣೀಯವಾಗಿವೆ. ಫ್ರಾನ್ಸಿನಲ್ಲಿ ಆಗ ಊರಿಗೊಂದು ಅಳತೆ, ಸಂತೆಗೊಂದು ತೂಕವಿತ್ತು. 1790ರಲ್ಲಿ ಅವನು ಲೋಲಕದ ಆಂದೋಲನವನ್ನು ಆಧಾರವಾಗಿಟ್ಟುಕೊಂಡು, ಪ್ರಕೃತಿಯಿಂದಲೇ ಪಡೆದ ಒಂದೇ ಮಾನವು ದೇಶಕ್ಕೆಲ್ಲ ಇರಲೆಂದು ಸೂಚಿಸಿದನು. ಆಧಾರವು ಅನಂತರ ಬದಲಾದರೂ ಇಂದು ಲೋಕವೆಲ್ಲ ಬಳಸುವ ಮೀಟರ್ ಪದ್ಧತಿಗೆ ದಾರಿಯನ್ನು ತೆರೆದ ಸೂಚನೆಗಳಲ್ಲಿ ಅದು ಒಂದು. ಎರಡನೆಯದು 1791ರ ಸೆಪ್ಟೆಂಬರಿನಲ್ಲಿ ರಾಷ್ಟ್ರಸಭೆಯ ಮುಂದೆ ಓದಿದ ಶಿಕ್ಷಣ ವರದಿ. ಪ್ರಾಥಮಿಕ ಶಿಕ್ಷಣವು ಎಲ್ಲರಿಗೂ ಉಚಿತವಾಗಿರಬೇಕು. ಹಳ್ಳಿಗಾಡಿನ ಶಾಲೆಯಿಂದ ಹಿಡಿದು ರಾಷ್ಟ್ರೀಯ ವಿದ್ಯಾಪೀಠದವರೆಗೆ ಮೆಟ್ಟಿಲುಮೆಟ್ಟಿಲಾಗಿ ವಿದ್ಯಾಸಂಸ್ಥೆಗಳಿರಬೇಕು ಎಂಬುದು ಅದರ ಸಾರ. ಸಭೆಯ ಅವಧಿ ಮುಗಿದುದರಿಂದ ಅದು ಆಗ ಶಾಸನವಾಗಲಿಲ್ಲ. ಆ ವರದಿಗೂ ಒಂದು ಕೊರತೆಯಿತ್ತು: ಹೆಣ್ಣುಮಕ್ಕಳ ವಿದ್ಯೆಯನ್ನು ಅದು ಮನೆವಾರ್ತೆಯ ಅಳತೆಗೆ ಕುಗ್ಗಿಸಿತ್ತು. ಇಂಗ್ಲೆಂಡಿನ ವಿದುಷಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತು ತಾನು ಬರೆದ ಪ್ರಸಿದ್ಧ ಗ್ರಂಥವನ್ನು ಅವನಿಗೇ ಅರ್ಪಿಸಿ, ಅರ್ಪಣೆಯಲ್ಲಿಯೇ ಆ ಕೊರತೆಯನ್ನು ಪುನರ್ವಿಚಾರ ಮಾಡೆಂದು ಕೇಳಿಕೊಂಡಳು.

ಕ್ರಾಂತಿಯು ರಕ್ತಮಯವಾಗತೊಡಗಿದಾಗ ಅವನು 1792ರ ಸೆಪ್ಟೆಂಬರಿನಲ್ಲಿ ಸರಕಾರದ ರಹದಾರಿಯನ್ನು ಪಡೆದು ಲಂಡನ್ನಿಗೆ ನುಸುಳಿಕೊಂಡನು. ಅಲ್ಲಿಂದಲೂ 1794ರಲ್ಲಿ ಹೊರದೂಡಲ್ಪಟ್ಟು ಅಮೆರಿಕಕ್ಕೆ ಹಡಗನ್ನೇರಿದನು. ಫಿಲಡೆಲ್ಫಿಯದಲ್ಲಿ ನಿಂತು ಜಮೀನಿನ ವ್ಯಾಪಾರದಲ್ಲಿ ತೊಡಗಿದ್ದಾಗಲೂ ಅವನ ಕಣ್ಣು ರಾಜನೀತಿಯಲ್ಲಿಯೇ ಇತ್ತು. ಇಂಗ್ಲೆಂಡಿನೊಡನೆ ಯುದ್ಧ ಮಾಡಿ ಸ್ವತಂತ್ರರಾದ ಅಮೆರಿಕನ್ನರು ನೆರವಾದ ಫ್ರಾನ್ಸನ್ನು ಬಿಟ್ಟು ಇಂಗ್ಲೆಂಡಿನೊಡನೆಯೇ ಹೆಚ್ಚಾಗಿ ವ್ಯಾಪಾರ ನಡೆಸುತ್ತಿದ್ದುದನ್ನು ಅವನು ಕಂಡನು. ಹಿಂದಿರುಗಿದ ಮೇಲೆ 1797ರಲ್ಲಿ ಪ್ಯಾರಿಸ್ಸಿನ ವಿದ್ವತ್ಪರಿಷತ್ತಿನಲ್ಲಿ ಓದಿದ ಪ್ರಬಂಧದಲ್ಲಿ ಇದರ ಕಾರಣವನ್ನು ವಿವರಿಸಿದನು. ಯುದ್ಧದ ದ್ವೇಷ ಬೇಗ ಆರಿಹೋಗುತ್ತದೆ. ಭಾಷೆ, ಅಭ್ಯಾಸ, ಪರಸ್ಪರ ಲಾಭಗಳು ಹೆಣೆದ ಗಂಟು ಉಳಿಯುತ್ತದೆ. ಜನಾಂಗಗಳ ನಡುವಣ ಸಂಬಂಧವನ್ನು ಕೃತಜ್ಞತೆಯಿಂದ ಅಳೆಯದೆ ಹಿತದಿಂದ ಅಳೆಯಬೇಕೆಂಬ ಈ ಅರಿವೇ ಅವನ ರಾಜನೀತಿಗೆ ತಳಹದಿಯಾಯಿತು.

1797ರ ಜುಲೈಯಲ್ಲಿ ಅವನು ಫ್ರಾನ್ಸಿನ ವಿದೇಶಾಂಗ ಮಂತ್ರಿಯಾದನು. ಬುದ್ಧಿಯ ಜೊತೆಗೆ ಲೋಭವೂ ಆ ಪೀಠವನ್ನೇರಿತು. ಅದೇ ವರ್ಷ ಸಂಧಾನಕ್ಕೆಂದು ಬಂದ ಅಮೆರಿಕದ ದೂತರಿಂದ ಮಧ್ಯವರ್ತಿಗಳ ಮೂಲಕ ದೊಡ್ಡ ಮೊತ್ತದ ಲಂಚವನ್ನು ಕೇಳಿಸಿದನು. ಅವರು ಸಂಗತಿಯನ್ನು ತಮ್ಮ ದೇಶಕ್ಕೆ ಬರೆದುಬಿಟ್ಟರು. ಎರಡು ದೇಶಗಳ ನಡುವೆ ಸಮುದ್ರದಲ್ಲಿ ಕಾದಾಟವೇ ನಡೆದುಹೋಯಿತು. ಲೋಕವನ್ನೇ ಅಳೆಯಬಲ್ಲವನು ತನ್ನ ಕೈಯನ್ನು ಹಿಡಿದಿಡಲಾರದೆ ಹೋದನು.

ಈ ಅವಧಿಯಲ್ಲಿಯೇ ಅವನ ಚಿಂತನೆ ಕನ್ನಡ ನಾಡಿನವರೆಗೆ ಚಾಚಿತು. 1798ರ ಫೆಬ್ರವರಿಯಲ್ಲಿ ಅವನು ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಈಜಿಪ್ಟನ್ನು ಹಿಡಿದು, ಸುಯೆಜ್‌ನಿಂದ 15,000 ಯೋಧರನ್ನು ಭಾರತಕ್ಕೆ ಕಳುಹಿಸಿ, ಟಿಪ್ಪೂ ಸುಲ್ತಾನನ ಸೈನ್ಯದೊಡನೆ ಸೇರಿ ಇಂಗ್ಲಿಷರನ್ನು ಓಡಿಸಬೇಕೆಂಬ ಯೋಜನೆಯಿತ್ತು. ನೆಪೋಲಿಯನ್ನನು ಈಜಿಪ್ಟಿಗೇನೋ ಹೋದನು. ಆದರೆ ಅವನ ನೌಕಾಬಲವನ್ನು ನೆಲ್ಸನ್ ನಾಶಮಾಡಿದನು. ಸುಲ್ತಾನನಿಗೆ ನೆಪೋಲಿಯನ್ ಬರೆದ ಪತ್ರವೂ ನಡುದಾರಿಯಲ್ಲಿ ಇಂಗ್ಲಿಷರ ಕೈಸೇರಿತು. ನೆರವು ಬರಲೇ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಪ್ಯಾರಿಸ್ಸಿನ ಮೇಜಿನ ಮೇಲೆ ಎಳೆದ ಗೆರೆಯನ್ನು ನಂಬಿ ಕಾವೇರಿಯ ದಂಡೆಯಲ್ಲಿ ಕಾಯುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ಸಾಕ್ಷಿ. ಭಾರತದೊಡನೆ ಅವನಿಗೆ ಇನ್ನೊಂದು ನಂಟೂ ಇತ್ತು. 1802ರಲ್ಲಿ ಅವನು ಮದುವೆಯಾದ ಕ್ಯಾಥರೀನ್ ಹುಟ್ಟಿದ್ದು ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ.

1799ರ ನವೆಂಬರಿನಲ್ಲಿ ನೆಪೋಲಿಯನ್ನನು ಅಧಿಕಾರವನ್ನು ಕೈವಶ ಮಾಡಿಕೊಳ್ಳುವಾಗ ಟ್ಯಾಲಿರಾಂಡನು ಅವನಿಗೆ ಬಲಗೈಯಾಗಿದ್ದನು. ಒಬ್ಬನು ಬಿರುಗಾಳಿ, ಇನ್ನೊಬ್ಬನು ಹಾಯಿ ತಿರುಗಿಸುವ ನಾವಿಕ. ಅವಸರದಲ್ಲಿ ಅರಸನು ಕೊಟ್ಟ ಅಪ್ಪಣೆಗಳನ್ನು ಮಂತ್ರಿ ಬೇಕೆಂದೇ ತಡೆದಿಡುತ್ತಿದ್ದನೆಂದೂ, ಮರುದಿನ ಕೋಪವಿಳಿದ ಅರಸನು ಆ ವಿಳಂಬಕ್ಕಾಗಿ ಸಂತೋಷಪಡುತ್ತಿದ್ದನೆಂದೂ ಹೇಳುತ್ತಾರೆ. ಕೈಕೆಳಗಿನ ಕಿರಿಯ ಅಧಿಕಾರಿಗಳಿಗೆ ಅವನು ಕೊಡುತ್ತಿದ್ದ ಮುಖ್ಯ ಉಪದೇಶ ಅತಿಯಾದ ಉತ್ಸಾಹ ಬೇಡವೆಂಬುದೇ ಆಗಿತ್ತೆಂದು ಪ್ರತೀತಿ. ಅವನ ಮನೆಯ ಅಡುಗೆಯಲ್ಲಿ ಕರೇಮ್ ಎಂಬ ಜಗತ್ಪ್ರಸಿದ್ಧ ಪಾಕಶಾಸ್ತ್ರಜ್ಞನು ಕೆಲಸ ಮಾಡಿದನು. ಊಟದ ಮೇಜನ್ನೂ ರಾಜ್ಯಕಾರ್ಯದ ಒಂದು ಅಂಗವೆಂದೇ ಆ ಮಂತ್ರಿ ಬಗೆದಿದ್ದನು. ಹಿತಮಿತವಾದ ಸಂಭಾಷಣೆ, ನಡುನಡುವೆ ದೀರ್ಘವಾದ ಮೌನ, ಮುಖದಲ್ಲಿ ಯಾವ ಭಾವವೂ ಕಾಣದ ನಿಶ್ಚಲತೆ, ಕಡೆಗೆ ಸೂಜಿಮೊನೆಯಂಥ ಒಂದು ಮಾತು. ಇದು ಅವನ ರೀತಿ. ಆ ಒಂದು ಮಾತು ಸಂಜೆಯೊಳಗೆ ಪ್ಯಾರಿಸ್ಸಿನ ಮನೆಮನೆಗಳಲ್ಲಿ ಹಬ್ಬುತ್ತಿತ್ತು. ಹೀಗಾಗಿ ಅನ್ಯರು ಆಡಿದ ಚಮತ್ಕಾರದ ನುಡಿಗಳೂ ಅವನ ಹೆಸರಿನಲ್ಲಿಯೇ ಸಲ್ಲತೊಡಗಿದವು. 1804ರಲ್ಲಿ ನೆಪೋಲಿಯನ್ನನು ರಾಜವಂಶದ ತರುಣನಾದ ಆಂಗ್ಯಾನ್ ಡ್ಯೂಕನನ್ನು ಕೊಲ್ಲಿಸಿದಾಗ, ಅದು ಅಪರಾಧಕ್ಕಿಂತಲೂ ಹೀನವಾದ ತಪ್ಪು ಎಂಬ ಮಾತು ಹುಟ್ಟಿತು. ಲೋಕವು ಅದನ್ನು ಟ್ಯಾಲಿರಾಂಡನಿಗೆ ಆರೋಪಿಸುವುದುಂಟು. ವಾಸ್ತವದಲ್ಲಿ ಅದನ್ನು ಫೂಷೆ, ಬುಲೇ ಮೊದಲಾದವರ ಹೆಸರಿನಲ್ಲಿಯೂ ಹೇಳುತ್ತಾರೆ. ಆ ದುಷ್ಕೃತ್ಯದಲ್ಲಿ ಅವನ ಸಲಹೆಯೂ ಇತ್ತೆಂಬ ಆರೋಪ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅವನ ವಿವೇಕದ ನಿಜವಾದ ಪರೀಕ್ಷೆ 1805ರಲ್ಲಿ ನಡೆಯಿತು. ಆಸ್ಟ್ರಿಯವನ್ನು ತುಳಿಯಬಾರದು, ಅದನ್ನು ಸ್ನೇಹಿತನನ್ನಾಗಿ ಮಾಡಿಕೊಂಡರೆ ಯುರೋಪಿನಲ್ಲಿ ಶಾಂತಿ ನೆಲಸುತ್ತದೆ ಎಂದು ಅವನು ಸ್ಟ್ರಾಸ್‌ಬರ್ಗ್ ನಗರದಿಂದ ದೊರೆಗೆ ಬಿನ್ನವತ್ತಳೆಯನ್ನು ಬರೆದನು. ಡಿಸೆಂಬರ್ 2ರಂದು ಆಸ್ಟರ್ಲಿಟ್ಜ್ ರಣರಂಗದಲ್ಲಿ ನೆಪೋಲಿಯನ್ನನಿಗೆ ಅದ್ಭುತ ವಿಜಯ ಲಭಿಸಿತು. ಗೆದ್ದವನಿಗೆ ಸಾಮದ ಮಾತು ರುಚಿಸಲಿಲ್ಲ. ಆಸ್ಟ್ರಿಯದ ಪ್ರಾಂತಗಳನ್ನು ಕಿತ್ತುಕೊಂಡು ಅದನ್ನು ಅವಮಾನಗೊಳಿಸಿದನು. ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳಲ್ಲಿ ಅರಸನಿಗೆ ದಂಡವೊಂದೇ ಕಾಣುತ್ತಿತ್ತು. ದಂಡದಿಂದ ಪಡೆದುದನ್ನು ಸಾಮದಿಂದಲೇ ಉಳಿಸಿಕೊಳ್ಳಬೇಕೆಂಬುದು ಮಂತ್ರಿಗೆ ತಿಳಿದಿತ್ತು. 1807ರ ಆಗಸ್ಟಿನಲ್ಲಿ ಅವನು ಮಂತ್ರಿಪದವಿಯನ್ನು ಬಿಟ್ಟನು.

ಅನಂತರದ ಕೃತ್ಯವೇ ಅವನ ಬಾಳಿನ ಜಟಿಲವಾದ ಗ್ರಂಥಿ. 1808ರ ಶರತ್ಕಾಲದಲ್ಲಿ ಎರ್ಫರ್ಟ್ ನಗರದಲ್ಲಿ ನೆಪೋಲಿಯನ್ನನೂ ರಷ್ಯದ ಚಕ್ರವರ್ತಿ ಅಲೆಕ್ಸಾಂಡರನೂ ಭೇಟಿಯಾದರು. ನೆಪೋಲಿಯನ್ನನ ಪರವಾಗಿ ಹೋಗಿದ್ದ ಟ್ಯಾಲಿರಾಂಡನು ರಾತ್ರಿಯ ಗೋಷ್ಠಿಗಳಲ್ಲಿ ಅಲೆಕ್ಸಾಂಡರನನ್ನು ಕಂಡು, ನೆಪೋಲಿಯನ್ನನ ಒತ್ತಾಯಕ್ಕೆ ಮಣಿಯಬೇಡವೆಂದು ಬೋಧಿಸಿದನು. ಫ್ರಾನ್ಸಿನ ಹಿತ ಬೇರೆ, ನೆಪೋಲಿಯನ್ನನ ಮಹತ್ವಾಕಾಂಕ್ಷೆ ಬೇರೆ ಎಂಬುದು ಅವನ ಸಮರ್ಥನೆ. ಆ ಸಮರ್ಥನೆಯಲ್ಲಿ ಸತ್ಯವಿದ್ದಿತು. ಆದರೆ ಮುಂದೆ ಅವನು ಆಸ್ಟ್ರಿಯಕ್ಕೆ ರಹಸ್ಯಗಳನ್ನು ತಿಳಿಸಿ ಹಣವನ್ನೂ ಪಡೆದನು. ರಷ್ಯದ ಚಕ್ರವರ್ತಿಯಿಂದಲೂ ಹಣ ಬೇಡಿ ನಿರಾಕೃತನಾದನು. ಕನ್ನಡ ಭಾರತದ ವಿದುರನು ಹಿತವಚನವನ್ನು ಕೇಳದ ದೊರೆಯ ಸಭೆಯಲ್ಲಿ ಬಿಲ್ಲನ್ನು ಮುರಿದು ಹೊರಬಂದನು. ಟ್ಯಾಲಿರಾಂಡನು ಬಿಲ್ಲನ್ನು ಮುರಿಯಲಿಲ್ಲ. ಅದನ್ನು ಬಾಡಿಗೆಗೆ ಕೊಟ್ಟನು. ಇಬ್ಬರೂ ಕಂಡ ಸತ್ಯ ಒಂದೇ; ಕಂಡ ಬಳಿಕ ನಡೆದ ದಾರಿ ಬೇರೆ.

1809ರ ಜನವರಿ 28ರಂದು ಸಂಶಯಗೊಂಡ ನೆಪೋಲಿಯನ್ನನು ಹಿರಿಯ ಅಧಿಕಾರಿಗಳ ಎದುರಿನಲ್ಲಿಯೇ ಟ್ಯಾಲಿರಾಂಡನನ್ನು ಬಹುಹೊತ್ತು ನಿಂದಿಸಿದನು. ಕಳ್ಳನೆಂದನು, ನಂಬಿಕೆಗೇಡಿಯೆಂದನು, ಅವನ ಕುಂಟುಗಾಲನ್ನೂ ಸಂಸಾರವನ್ನೂ ಹಳಿದನು. ಟ್ಯಾಲಿರಾಂಡನು ಗೋಡೆಬದಿಯ ಮೇಜಿಗೆ ಒರಗಿ ನಿಂತು, ಹುಬ್ಬನ್ನೂ ಅಲುಗಿಸದೆ ಕೇಳಿದನು. ಹೊರಬರುವಾಗ, ಇಷ್ಟು ದೊಡ್ಡ ಮನುಷ್ಯನು ಇಷ್ಟು ಕೆಟ್ಟದಾಗಿ ಬೆಳೆದನಲ್ಲಾ ಎಂದಷ್ಟೇ ಮರುಕಪಟ್ಟನೆಂದು ಕಥೆಯಿದೆ. ಕೋಪಗೊಂಡವನು ಅಂದು ಸೋತನು, ಮೌನವಾಗಿದ್ದವನು ಗೆದ್ದನು. 1812ರ ರಷ್ಯದ ದಂಡಯಾತ್ರೆ ನೆಪೋಲಿಯನ್ನನ ಪತನಕ್ಕೆ ನಾಂದಿಯಾಯಿತು. 1814ರ ಮಾರ್ಚ್ 31ರಂದು ಶತ್ರುಗಳು ಪ್ಯಾರಿಸ್ಸನ್ನು ಹೊಕ್ಕಾಗ ಅಲೆಕ್ಸಾಂಡರನು ಬಿಡಾರ ಮಾಡಿದ್ದು ಟ್ಯಾಲಿರಾಂಡನ ಮನೆಯಲ್ಲಿಯೇ. ಅವನೇ ತಾತ್ಕಾಲಿಕ ಸರಕಾರದ ಮುಖ್ಯಸ್ಥನಾಗಿ ಬೂರ್ಬನ್ ವಂಶದ ಹದಿನೆಂಟನೆಯ ಲೂಯಿಯನ್ನು ಸಿಂಹಾಸನಕ್ಕೆ ಕರೆಸಿದನು. ಮೇ 30ರ ಒಪ್ಪಂದದಿಂದ ಫ್ರಾನ್ಸಿಗೆ 1792ರ ಗಡಿಗಳು ಉಳಿದವು, ದಂಡವನ್ನೂ ತೆರಬೇಕಾಗಲಿಲ್ಲ.

ಅವನ ಕೀರ್ತಿಯ ಶಿಖರ ವಿಯೆನ್ನ ಮಹಾಸಭೆ. 1814ರ ಸೆಪ್ಟೆಂಬರಿನಲ್ಲಿ ಅವನು ಅಲ್ಲಿಗೆ ಬಂದಾಗ ಆಸ್ಟ್ರಿಯ, ರಷ್ಯ, ಪ್ರಷ್ಯ, ಇಂಗ್ಲೆಂಡುಗಳು ಎಲ್ಲವನ್ನೂ ತಾವೇ ನಿರ್ಣಯಿಸಿ, ಸೋತ ಫ್ರಾನ್ಸಿಗೆ ತಿಳಿಸಿದರೆ ಸಾಕೆಂದು ಗೊತ್ತುಮಾಡಿಕೊಂಡಿದ್ದವು. ಟ್ಯಾಲಿರಾಂಡನ ಹಿಂದೆ ಹೇಳಿಕೊಳ್ಳುವಂಥ ಸೈನ್ಯವಿಲ್ಲ, ಕೈಯಲ್ಲಿ ಪ್ರಾಂತಗಳಿಲ್ಲ. ಸೆಪ್ಟೆಂಬರ್ 30ರಂದು ಆಸ್ಟ್ರಿಯದ ಮಂತ್ರಿ ಮೆಟರ್‌ನಿಕ್ಕನ ಮನೆಯಲ್ಲಿ ಸೇರಿದ ಗೋಷ್ಠಿಗೆ ಅವನನ್ನೂ ಸ್ಪೇನಿನ ಪ್ರತಿನಿಧಿಯನ್ನೂ ಕರೆದರು. ಓದಿದ ಕಾಗದದಲ್ಲಿ ಮಿತ್ರಪಕ್ಷಗಳೆಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅವನು ಆ ಒಂದು ಶಬ್ದವನ್ನೇ ಹಿಡಿದನು. ಯಾರಿಗೆ ವಿರೋಧವಾಗಿ ಈ ಮೈತ್ರಿ? ನೆಪೋಲಿಯನ್ನನು ಎಲ್ಬಾ ದ್ವೀಪದಲ್ಲಿದ್ದಾನೆ. ಫ್ರಾನ್ಸಿನ ಅರಸನೊಡನೆ ಸಂಧಿಯಾಗಿದೆ. ಶಾಂತಿಯಿರುವಲ್ಲಿ ಯುದ್ಧಕಾಲದ ಶಬ್ದಕ್ಕೆ ಅರ್ಥವೇನೆಂದು ವಿನಯದಿಂದ ಕೇಳಿದನು. ಅವರು ಉತ್ತರಿಸಲಾರದೆ ಶಬ್ದವನ್ನು ಬಿಟ್ಟರು. ಅದು ಬಿದ್ದೊಡನೆ ಫ್ರಾನ್ಸನ್ನು ಹೊರಗಿಡುವ ಆಧಾರವೂ ಬಿದ್ದಿತು.

ಮತ್ತೊಂದು ದಿನ ಸಭೆಯು ಸಾರ್ವಜನಿಕ ನ್ಯಾಯಕ್ಕೆ ಅನುಸಾರವಾಗಿ ನಡೆಯುವುದೆಂದು ಬರೆಯಬೇಕೆಂಬ ಅವನ ಸೂಚನೆಗೆ ಪ್ರಷ್ಯದ ವೃದ್ಧ ಮಂತ್ರಿ ಹಾರ್ಡೆನ್‌ಬರ್ಗನು ಎದ್ದು ನಿಂತು ಕಿರುಚಿದನು. ಅದನ್ನು ಹೇಳುವುದೇಕೆ, ಹೇಳದೆಯೇ ಸಿದ್ಧವಾದ ಸಂಗತಿಯಲ್ಲವೇ ಎಂದು ಅವನ ವಾದ. ಹೇಳದೆಯೇ ಸಿದ್ಧವಾಗಿರುವುದನ್ನು ಹೇಳಿದರೆ ಇನ್ನೂ ಸಿದ್ಧವಾಗುವುದಲ್ಲವೇ ಎಂದು ಟ್ಯಾಲಿರಾಂಡನು ಶಾಂತವಾಗಿ ಮರುನುಡಿದನು. ಸಾರ್ವಜನಿಕ ನ್ಯಾಯಕ್ಕೆ ಇಲ್ಲಿ ಕೆಲಸವೇನೆಂದು ಹಂಬೋಲ್ಟನು ಕೇಳಿದಾಗ, ನೀವು ಇಲ್ಲಿ ಕುಳಿತಿರುವುದೇ ಅದರ ಬಲದಿಂದ ಎಂದನು. ಇದೆಲ್ಲವನ್ನೂ ಅವನೇ ತನ್ನ ದೊರೆಗೆ ಬರೆದ ಕಾಗದದಲ್ಲಿ ನಿರೂಪಿಸಿದ್ದಾನೆ. ಇದು ಬರಿಯ ಬಾಯಿಜಾಣತನವಲ್ಲ. ಬಲಹೀನನಿಗೆ ಕತ್ತಿ ಆಸರೆಯಲ್ಲ, ನ್ಯಾಯವೇ ಆಸರೆ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಆದುದರಿಂದಲೇ ಫ್ರಾನ್ಸಿಗಾಗಿ ಅಲ್ಲಿ ಭೂಮಿಯನ್ನು ಕೇಳಲಿಲ್ಲ. ತನಗೆ ಏನೂ ಬೇಡವೆಂದವನ ಮಾತಿಗೆ ಸಣ್ಣ ರಾಜ್ಯಗಳೆಲ್ಲ ಕಿವಿಗೊಟ್ಟವು.

ರಷ್ಯವು ಪೋಲೆಂಡನ್ನೂ ಪ್ರಷ್ಯವು ಸ್ಯಾಕ್ಸನಿಯನ್ನೂ ಇಡಿಯಾಗಿ ನುಂಗಲು ಹೊರಟಾಗ ವಿಜೇತರಲ್ಲಿ ಒಡಕು ಮೂಡಿತು. 1815ರ ಜನವರಿ 3ರಂದು ಇಂಗ್ಲೆಂಡ್, ಆಸ್ಟ್ರಿಯ, ಫ್ರಾನ್ಸುಗಳು ರಹಸ್ಯ ಒಪ್ಪಂದಕ್ಕೆ ರುಜು ಹಾಕಿದವು. ಸೋತು ಒಂದು ವರ್ಷವೂ ತುಂಬದ ದೇಶ ಗೆದ್ದವರಿಬ್ಬರ ಮಿತ್ರನಾಗಿಬಿಟ್ಟಿತು. ಸ್ಯಾಕ್ಸನಿಯ ಅರಸನಿಗೆ ರಾಜ್ಯದ ಒಂದು ಭಾಗ ಉಳಿಯಿತು. ಆದರೆ ಮಾರ್ಚಿನಲ್ಲಿ ನೆಪೋಲಿಯನ್ನನು ಎಲ್ಬಾದಿಂದ ಮರಳಿ, ಜೂನ್ 18ರಂದು ವಾಟರ್ಲೂವಿನಲ್ಲಿ ಸೋತನು. ಆ ಸಾಹಸದ ಬೆಲೆಯನ್ನು ಫ್ರಾನ್ಸ್ ತೆತ್ತಿತು: ನವೆಂಬರಿನ ಎರಡನೆಯ ಒಪ್ಪಂದದಲ್ಲಿ 70 ಕೋಟಿ ಫ್ರಾಂಕುಗಳ ದಂಡ, ಪರಸೈನ್ಯದ ವಾಸ. ಕತ್ತಿ ನೂರು ದಿನಗಳಲ್ಲಿ ಕಳೆದುದು, ಮಾತು ಒಂದು ಚಳಿಗಾಲವೆಲ್ಲ ದುಡಿದು ಗಳಿಸಿದ್ದನ್ನು.

ಆ ಜುಲೈಯಲ್ಲಿ ಪ್ರಧಾನಿಯಾದ ಟ್ಯಾಲಿರಾಂಡನು ಸೆಪ್ಟೆಂಬರಿನಲ್ಲಿಯೇ ಅಧಿಕಾರವನ್ನು ಕಳೆದುಕೊಂಡು ಹದಿನೈದು ವರ್ಷ ಹೊರಗುಳಿದನು. 1821ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಮಸೂದೆಯನ್ನು ಮೇಲ್ಮನೆಯಲ್ಲಿ ವಿರೋಧಿಸಿ ಮಾತನಾಡಿದನು. ವೋಲ್ಟೇರನಿಗಿಂತಲೂ ನೆಪೋಲಿಯನ್ನನಿಗಿಂತಲೂ, ಆಗಿಹೋದ ಆಗಲಿರುವ ಎಲ್ಲ ಮಂತ್ರಿಗಳಿಗಿಂತಲೂ ಹೆಚ್ಚು ಬುದ್ಧಿಯುಳ್ಳವರೊಬ್ಬರಿದ್ದಾರೆ, ಅವರೇ ಸಮಸ್ತ ಜನ ಎಂಬುದು ಆ ಭಾಷಣದ ತಾತ್ಪರ್ಯ. ಜಾಣನೆಂದು ಹೆಸರಾದವನು ತನ್ನ ಜಾಣತನಕ್ಕಿಂತ ಲೋಕದ ಸಾಮಾನ್ಯ ಜ್ಞಾನ ದೊಡ್ಡದೆಂದು ಒಪ್ಪಿದುದು ಹಿರಿದಾದ ಮಾತು.

1830ರ ಕ್ರಾಂತಿಯಲ್ಲಿ ಲೂಯಿ ಫಿಲಿಪ್ ಅರಸನಾದಾಗ, 76 ವರ್ಷದ ಟ್ಯಾಲಿರಾಂಡನು ಲಂಡನ್ನಿಗೆ ರಾಯಭಾರಿಯಾಗಿ ಹೋದನು. ಬೆಲ್ಜಿಯಂ ಜನರು ಹಾಲೆಂಡಿನ ಅರಸನ ವಿರುದ್ಧ ಎದ್ದಿದ್ದರು. ಆ ಕಿಡಿಯಿಂದ ಯುರೋಪೆಲ್ಲ ಉರಿಯುವ ಭಯವಿತ್ತು. ಐದು ಮಹಾರಾಜ್ಯಗಳ ಪ್ರತಿನಿಧಿಗಳೊಡನೆ ಕುಳಿತು, 1831ರ ಜನವರಿಯಲ್ಲಿ ಬೆಲ್ಜಿಯಂ ಸದಾ ತಟಸ್ಥವಾದ ಸ್ವತಂತ್ರ ರಾಜ್ಯವೆಂಬ ತೀರ್ಮಾನಕ್ಕೆ ಅವನು ನೆರವಾದನು. 1839ರ ಸಂಧಿಯು ಅದನ್ನೇ ಸ್ಥಿರಪಡಿಸಿತು. 1914ರವರೆಗೆ ಆ ಗಡಿಯನ್ನು ಯಾವ ಮಹಾರಾಜ್ಯದ ಸೈನ್ಯವೂ ಆಕ್ರಮಿಸಲಿಲ್ಲ.

1838ರ ಮಾರ್ಚ್ 3ರಂದು, 84ನೆಯ ವಯಸ್ಸಿನಲ್ಲಿ, ಅವನು ವಿದ್ವತ್ಪರಿಷತ್ತಿನಲ್ಲಿ ಕಡೆಯ ಭಾಷಣ ಮಾಡಿದನು. ದಿವಂಗತನಾದ ರೈನ್‌ಹಾರ್ಟ್ ಎಂಬ ಸಹೋದ್ಯೋಗಿಯ ಗುಣಕಥನ ಅದರ ವಿಷಯ. ಧರ್ಮಶಾಸ್ತ್ರದ ಅಧ್ಯಯನವು ಬುದ್ಧಿಗೆ ಬಲವನ್ನೂ ಸೂಕ್ಷ್ಮತೆಯನ್ನೂ ಕೊಡುತ್ತದೆಂದು ಅಲ್ಲಿ ಪ್ರತಿಪಾದಿಸಿದನು. ರಾಜತಂತ್ರವು ಕಪಟವಿದ್ಯೆಯಲ್ಲ, ಸಂಧಾನಗಳಿಗೆ ಸದ್ಭಾವನೆಯಷ್ಟು ಅವಶ್ಯವಾದುದು ಬೇರೊಂದಿಲ್ಲ ಎಂದೂ ಹೇಳಿದನು. ಅರುವತ್ತೆಂಟು ವರ್ಷಗಳ ಹಿಂದೆ ಬೇಸರದಿಂದ ಹೊಕ್ಕ ಗುರುಕುಲದ ಋಣವನ್ನು ಅವನು ಬಾಯಾರೆ ಒಪ್ಪಿಕೊಂಡಂತಾಯಿತು. ಹದಿನಾರನೆಯ ಲೂಯಿಯಿಂದ ಲೂಯಿ ಫಿಲಿಪ್‌ನವರೆಗೆ ಎಷ್ಟೋ ಆಳ್ವಿಕೆಗಳಿಗೆ ಪ್ರಮಾಣ ಮಾಡಿ ಬಿಟ್ಟವನ ಬಾಯಲ್ಲಿ ಸದ್ಭಾವನೆಯ ಮಾತು ಬಂದುದಕ್ಕೆ ಕೆಲವರು ನಕ್ಕಿರಬಹುದು. ಆದರೆ ಅವನು ಅದರ ಬೆಲೆಯನ್ನು ಅನುಭವದಿಂದ ಬಲ್ಲವನಾಗಿದ್ದನು.

ಅದೇ ವರ್ಷ ಮೇ 17ರ ಬೆಳಗ್ಗೆ, ತನ್ನ ತಪ್ಪುಗಳಿಗೆ ವಿಷಾದವನ್ನು ಸೂಚಿಸಿ ಧರ್ಮಪೀಠಕ್ಕೆ ವಿಧೇಯನಾಗುವ ಪತ್ರಕ್ಕೆ ಅವನು ರುಜು ಹಾಕಿದನು. ಬಹಳ ದಿನಗಳಿಂದ ಸಿದ್ಧವಾಗುತ್ತಿದ್ದ ಆ ಪತ್ರಕ್ಕೆ ಕಟ್ಟಕಡೆಯ ಹೊತ್ತಿನವರೆಗೂ ಲೇಖನಿಯನ್ನು ಮುಟ್ಟಿಸಿರಲಿಲ್ಲ. ಅರಸನೇ ಮನೆಗೆ ಬಂದು ಅವನನ್ನು ಕಂಡನು. ಅಂತ್ಯಸಂಸ್ಕಾರದ ತೈಲವನ್ನು ಲೇಪಿಸುವಾಗ, ತಾನು ಬಿಷಪ್ಪನೆಂಬುದನ್ನು ನೆನಪಿಸಿ, ಅಂಗೈಯನ್ನು ತೋರದೆ ಮುಷ್ಟಿಯ ಹಿಂಭಾಗವನ್ನು ಚಾಚಿದನೆಂದು ಹೇಳುತ್ತಾರೆ. ದೀಕ್ಷೆಯ ಕಾಲದಲ್ಲಿ ಅಂಗೈಗೆ ತೈಲಲೇಪವಾಗಿರುವುದರಿಂದ ಪಾದ್ರಿಗಳಿಗೆ ಹಾಗೆ ಮಾಡುವುದು ಸಂಪ್ರದಾಯ. ಬೇಡವೆಂದು ಬಿಸುಟಿದ್ದ ದೀಕ್ಷೆ ಕೊನೆಯಲ್ಲಿ ಅವನ ಕೈಗಳಲ್ಲಿ ಎಚ್ಚರಗೊಂಡಿತು. ವಾಲೆನ್ಸೆಯಲ್ಲಿ ಅವನ ಸಮಾಧಿಯಿದೆ.

ಟ್ಯಾಲಿರಾಂಡನು ಆದರ್ಶಪುರುಷನಲ್ಲ. ಲಂಚವನ್ನು ತೆಗೆದುಕೊಂಡನು; ಸ್ವಾಮಿದ್ರೋಹವನ್ನೂ ಮಾಡಿದನು. ಆದರೂ ಗೆದ್ದವನು ಸೋತವನನ್ನು ತುಳಿಯಬಾರದು, ಉತ್ಸಾಹವು ವಿವೇಕವನ್ನು ಮೀರಬಾರದು, ಬಲವಿಲ್ಲದವನು ನ್ಯಾಯವನ್ನು ಕೈಬಿಡಬಾರದು ಎಂಬ ಮೂರು ಸೂತ್ರಗಳನ್ನು ಅವನು ಯುರೋಪಿಗೆ ಕಲಿಸಿದನು. ರಾಜ್ಯಗಳ ವಿಷಯದಲ್ಲಿ ಮಿತವನ್ನು ಬಲ್ಲವನು ತನ್ನ ಆಸೆಗೆ ಮಿತವನ್ನು ಕಾಣಲಿಲ್ಲ. ಆ ಒಂದು ಕೊರತೆಯಿಂದ ಲೋಕವು ಅವನ ಬುದ್ಧಿಗೆ ತಲೆದೂಗಿತೇ ಹೊರತು ಅವನ ಮುಂದೆ ತಲೆಬಾಗಲಿಲ್ಲ. ವಿದ್ಯೆಯು ಮನುಷ್ಯನನ್ನು ಚತುರನನ್ನಾಗಿ ಮಾಡಬಲ್ಲುದು. ಚತುರನು ಪೂಜ್ಯನಾಗಬೇಕಾದರೆ ಅವನ ನುಡಿಯ ಹಿಂದೆ ನಡೆಯೂ ನಿಲ್ಲಬೇಕು. ಬಾಲಕರಿಗೆ ಜಾಣ್ಮೆಯನ್ನು ಕಲಿಸುವ ಕಾರ್ಯವನ್ನು ಕೈಗೊಂಡವರೆಲ್ಲರೂ ಈ ಜೀವನವನ್ನು ಎರಡು ಸಲ ಓದಬೇಕು: ಒಮ್ಮೆ ಅವನಿಂದ ಕಲಿಯುವುದಕ್ಕಾಗಿ, ಮತ್ತೊಮ್ಮೆ ಅವನನ್ನು ಕಂಡು ಎಚ್ಚರಗೊಳ್ಳುವುದಕ್ಕಾಗಿ.